ಹದಿಮೂರೂವರೆ ಗಂಟೆ ಹಿಂದೆ ತೂಗಿದ ಕಬ್ಬು

ಸಂಕ್ರಾಂತಿಗೆ ಇನ್ನೊಂದು ವಾರ ಇತ್ತು. ಮಂಡ್ಯದಿಂದ ಮೇಲುಕೋಟೆ ಕಡೆ ಹೋಗುವ ರಸ್ತೆಯಲ್ಲಿರುವ ಒಂದು ವೇಬ್ರಿಡ್ಜ್‌ನಿಂದ ಫೋನ್ ಬಂತು. ಯಜಮಾನರು ಹಳೇ ಪರಿಚಯ. "ಕಂಪ್ಯೂಟರು ತಾರೀಕು ತಪ್ಪಾಗಿ ಹೊಡೀತಾ ಐತೆ ಕಣಪ್ಪ, ಒಸಿ ಬಂದು ನೋಡು" ಅಂದರು. ತಾರೀಕು ತಪ್ಪಿದರೆ ಸರಿ ಮಾಡಿಕೊಂಡರೆ ಆಯ್ತಲ್ಲ, ಅದಕ್ಕೆ ನಾನ್ಯಾಕೆ ಅಂದೆ. "ದಿನಾ ಸರಿ ಮಾಡೋನು ಒಬ್ಬ ಅವ್ನೆ. ದಿನಾ ತಪ್ಪು ಮಾಡ್ತಿರೋದು ಯಾರು ಅಂತ ಗೊತ್ತಾಗ್ತಿಲ್ಲ" ಅಂದರು.

ಹೋಗಿ ನೋಡಿದರೆ ಮೇಜಿನ ಮೇಲೆ ಒಂದು ತೂಕದ ಚೀಟಿ ಇಟ್ಟಿದ್ದರು. ಟ್ರ್ಯಾಕ್ಟರ್ ನಂಬರ್ ಸರಿ, ಲೋಡ್ ತೂಕ ಸರಿ, ಖಾಲಿ ತೂಕ ಸರಿ, ನಿವ್ವಳ ಸರಿ. ತಾರೀಕು ಮಾತ್ರ 01/01/2012. ಹಿಂದಿನ ದಿನ ಆ ಚೀಟಿ ಹಿಡಿದುಕೊಂಡು ಬಂದ ರೈತರೊಬ್ಬರು, "2012ರಲ್ಲಿ ನನ್ ತಾವ ಈ ಟ್ರ್ಯಾಕ್ಟ್ರೇ ಇರ್ಲಿಲ್ವಲ್ಲ ಸ್ವಾಮಿ" ಅಂದು ಹೋಗಿದ್ದರಂತೆ. ಅವರು ನಗಾಡಿಕೊಂಡೇ ಅಂದರೂ ಯಜಮಾನರಿಗೆ ತಾಗಿತ್ತು. ಕಬ್ಬಿನ ದುಡ್ಡು ಕೊಡುವಾಗ ನೋಡುವುದು ಆ ಚೀಟಿಯನ್ನೇ.

ಕೋಣೆಯ ವರ್ಣನೆ ಸ್ವಲ್ಪ ಬೇಕು, ಯಾಕೆಂದರೆ ರೋಗದ ಅರ್ಧ ಅಲ್ಲೇ ಇತ್ತು. ಕಿಟಕಿ ಪಕ್ಕ ತೂಕ ತೋರಿಸುವ ಇಂಡಿಕೇಟರ್, ಅದರಿಂದ ಕಂಪ್ಯೂಟರಿಗೆ ಒಂದು ಸೀರಿಯಲ್ ಕೇಬಲ್. ಪಕ್ಕದಲ್ಲಿ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್, ಮೇಲೆ ಗೋಡೆಗೆ ಕ್ಯಾಮೆರಾದ ಡಿವಿಆರ್. ಸಿಪಿಯು ಮೇಜಿನ ಕೆಳಗೆ ಎರಡು ಇಟ್ಟಿಗೆ ಮೇಲೆ ಕೂತಿತ್ತು. ಬಾಗಿಲ ಹಿಂದೆ ಮೇನ್ ಸ್ವಿಚ್. ರಾತ್ರಿ ಬೀಗ ಹಾಕುವಾಗ ಅದನ್ನು ಆಫ್ ಮಾಡಿ ಹೋಗುವುದು ಯಜಮಾನರ ಕಟ್ಟುನಿಟ್ಟಾದ ರೂಢಿ. ಒಂದು ಸಲ ಸಿಡಿಲಿಗೆ ಇಂಡಿಕೇಟರ್ ಸುಟ್ಟುಹೋಗಿತ್ತು. ಮಾನಿಟರಿನ ಕೆಳಗಡೆ ಟೇಪಿನಲ್ಲಿ ಅಂಟಿಸಿದ್ದ ಒಂದು ಚೂರು ಕಾಗದದ ಮೇಲೆ ಪೆನ್ನಿನಲ್ಲಿ ಬರೆದಿತ್ತು: "ಬೆಳಿಗ್ಗೆ ಬಂದ ತಕ್ಷಣ ಟೈಮ್ ಹಾಕು".

ಹಾಕುತ್ತಿದ್ದವನು ತೂಕದ ಹುಡುಗ. ಮೊಬೈಲ್ ನೋಡಿಕೊಂಡು ದಿನಾ ಬೆಳಿಗ್ಗೆ ತಾರೀಕು, ಗಂಟೆ, ನಿಮಿಷ ಕೈಯಲ್ಲೇ ಹಾಕುತ್ತಿದ್ದ. ಒಂದು ದಿನ ಏಳು ಗಂಟೆಗೆ ಮೊದಲೇ ನಾಲ್ಕು ಗಾಡಿ ಸಾಲು ನಿಂತಿದ್ದವು, ಅವಸರದಲ್ಲಿ ಮರೆತ. ಆ ನಾಲ್ಕು ಚೀಟಿಯೇ 2012ರವು.

ಇಷ್ಟು ಕೇಳಿದರೆ ಯಾರಾದರೂ ಹೇಳುತ್ತಾರೆ, ಮದರ್‌ಬೋರ್ಡಿನ ಬ್ಯಾಟರಿ ಸತ್ತಿದೆ ಅಂತ. ನಾನೂ ಹಾಗೇ ಅಂದುಕೊಂಡೆ, ಅದು ನಿಜವೂ ಆಗಿತ್ತು. ಮುಚ್ಚಳ ತೆಗೆದರೆ ಒಳಗೆ ಧೂಳು ಕಂಬಳಿಯ ಹಾಗೆ ಹಾಸಿಕೊಂಡಿತ್ತು, ಜೊತೆಗೆ ಒಂದಿಷ್ಟು ಕಬ್ಬಿನ ತರಗು. ಇಲಿ ಎಳೆದು ತಂದದ್ದಿರಬೇಕು. ನಾಣ್ಯದಂಥ ಸಿಆರ್2032 ಬ್ಯಾಟರಿಯ ಅಂಚಿಗೆ ಹಸಿರು ಕಿಲುಬು ಹಿಡಿದಿತ್ತು. ಪಕ್ಕದ ಕ್ಲಿಪ್ಪನ್ನು ಉಗುರಲ್ಲಿ ಒತ್ತಿದರೆ ಸಾಮಾನ್ಯವಾಗಿ ಬ್ಯಾಟರಿ ತಾನೇ ಮೇಲೇಳುತ್ತದೆ. ಇದು ಅಂಟಿಕೊಂಡಿತ್ತು, ಸಣ್ಣ ಸ್ಕ್ರೂಡ್ರೈವರ್‌ನಿಂದ ಎಬ್ಬಿಸಬೇಕಾಯಿತು. ಮಲ್ಟಿಮೀಟರ್ ಇಟ್ಟರೆ 1.1 ವೋಲ್ಟ್. ಇರಬೇಕಾದ್ದು 3.

ಆ ಬ್ಯಾಟರಿಯ ಮುಖ್ಯ ಕೆಲಸ ಒಂದೇ. ಕರೆಂಟ್ ಇಲ್ಲದಾಗ ಬೋರ್ಡಿನ ಮೇಲಿರುವ ಪುಟ್ಟ ಗಡಿಯಾರವನ್ನು ನಡೆಸುವುದು. ಸೆಕೆಂಡಿಗೆ 32,768 ಸಲ ಕಂಪಿಸುವ ಒಂದು ಹರಳು ಅಲ್ಲಿರುತ್ತದೆ. ಆ ಸಂಖ್ಯೆಯನ್ನು ಹದಿನೈದು ಸಲ ಅರ್ಧ ಮಾಡುತ್ತಾ ಹೋದರೆ ಸರಿಯಾಗಿ ಒಂದಕ್ಕೆ ಬಂದು ನಿಲ್ಲುತ್ತದೆ, ಅದೇ ಒಂದು ಸೆಕೆಂಡು. ಕೈಗಡಿಯಾರದಲ್ಲಿ ಇರುವುದೂ ಇದೇ ಹರಳು. ರಾತ್ರಿ ಮೇನ್ ಸ್ವಿಚ್ ಆಫ್, ಬ್ಯಾಟರಿಯಲ್ಲಿ ಜೀವ ಇಲ್ಲ, ಗಡಿಯಾರ ನಿಂತು ಬೋರ್ಡು ಮಾಡಿದವರು ಬರೆದಿಟ್ಟ ಆದಿ ತಾರೀಕಿಗೆ ಹೋಗುತ್ತದೆ. ಈ ಬೋರ್ಡಿಗೆ ಆ ಆದಿಕಾಲ 2012ರ ಜನವರಿ 1.

ಆದರೆ ಹುಡುಗ ಕೇಳಿದ ಪ್ರಶ್ನೆ ಸರಿಯಾಗಿತ್ತು. "ಅಣ್ಣ, ನೆಟ್ ಐತಲ್ಲ, ನೆಟ್‌ನಿಂದ ಟೈಮ್ ತಾನೇ ಸರಿ ಮಾಡ್ಕೊಬೇಕಲ್ವಾ?"

ಮಾಡಿಕೊಳ್ಳಬೇಕು. ಆದರೆ ವಿಂಡೋಸ್‌ಗೆ ಒಂದು ಲಗಾಮು ಇದೆ. ಡೊಮೈನ್‌ಗೆ (ದೊಡ್ಡ ಕಚೇರಿಗಳಲ್ಲಿ ಕಂಪ್ಯೂಟರುಗಳನ್ನೆಲ್ಲ ಒಟ್ಟಿಗೆ ಕಟ್ಟುವ ಕೂಟ) ಸೇರದ ಒಂಟಿ ಕಂಪ್ಯೂಟರಿನಲ್ಲಿ, ನೆಟ್‌ನಿಂದ ಬಂದ ಸಮಯಕ್ಕೂ ತನ್ನ ಗಡಿಯಾರಕ್ಕೂ 54,000 ಸೆಕೆಂಡಿಗಿಂತ ಹೆಚ್ಚು ವ್ಯತ್ಯಾಸ ಇದ್ದರೆ ಅದು ತಿದ್ದಿಕೊಳ್ಳುವುದೇ ಇಲ್ಲ. ಅಂದರೆ ಹದಿನೈದು ಗಂಟೆ. ಯಾವುದೋ ಕೆಟ್ಟ ಸರ್ವರ್ ತಪ್ಪು ಸಮಯ ಕೊಟ್ಟು ಲೆಕ್ಕಪತ್ರವೆಲ್ಲ ಹಾಳಾಗದಿರಲಿ ಅಂತ ಮಾಡಿದ ಏರ್ಪಾಡು. ಗಡಿಯಾರ ಹತ್ತು ನಿಮಿಷ ತಪ್ಪಿದರೆ ನೆಟ್ ಸರಿ ಮಾಡುತ್ತದೆ, ಹತ್ತು ವರ್ಷ ತಪ್ಪಿದರೆ ಮಾಡುವುದಿಲ್ಲ. 2012ರಲ್ಲಿ ನಿಂತ ಕಂಪ್ಯೂಟರಿಗೆ ಬ್ರೌಸರಿನಲ್ಲೂ ಹೆಚ್ಚುಕಮ್ಮಿ ಯಾವ ಸೈಟೂ ತೆರೆಯುವುದಿಲ್ಲ, ಸೈಟು ಅಸಲಿ ಅಂತ ತೋರಿಸುವ ಸರ್ಟಿಫಿಕೇಟು ಅದರ ಪಾಲಿಗೆ ಇನ್ನೂ ಹುಟ್ಟಿರುವುದಿಲ್ಲ.

ಹೊಸ ಬ್ಯಾಟರಿ ಹಾಕಿದೆ, 3.2 ವೋಲ್ಟ್ ತೋರಿಸಿತು. ಬಯಾಸ್‌ನಲ್ಲಿ (ವಿಂಡೋಸ್‌ಗೆ ಮೊದಲು ಏಳುವ, ಬೋರ್ಡಿನದೇ ಪ್ರೋಗ್ರಾಂ) ತಾರೀಕು ಹಾಕಿ ವಿಂಡೋಸ್‌ಗೆ ಬಂದು, ಮೂಲೆಯ ಗಡಿಯಾರವನ್ನು ಮೊಬೈಲ್ ಜೊತೆ ಹೋಲಿಸಿದೆ. ನಿಮಿಷ ತಪ್ಪದೆ ಸರಿ. ‘ಈಗಲೇ ಸಿಂಕ್ ಮಾಡು’ ಅನ್ನುವ ಬಟನ್ ಒತ್ತಿದರೆ ಆಗಲಿಲ್ಲ ಅಂದಿತು. ನೆಟ್ ನಿಧಾನ ಇರಬೇಕು, ಆಮೇಲೆ ತಾನೇ ಆಗುತ್ತೆ ಅಂದುಕೊಂಡು ಮುಚ್ಚಳ ಹಾಕಿ, ಚೀಟಿಯನ್ನು ಮಾನಿಟರಿನಿಂದ ಕಿತ್ತು ಬಂದುಬಿಟ್ಟೆ. ಮೂಲೆಯ ಗಡಿಯಾರ ಸರಿ ಇದೆ ಅಂತ ನಂಬಿದ್ದೇ ನಾನು ಮಾಡಿದ ತಪ್ಪು.

ಮೂರನೇ ದಿನ ಹುಡುಗನ ಫೋನು. "ಅಣ್ಣ, ಈಗ ಹನ್ನೊಂದೂವರೆ ಅಲ್ವಾ? ಇದರಲ್ಲಿ ನೆನ್ನೆ ರಾತ್ರಿ ಹತ್ತು ಗಂಟೆ ತೋರಿಸ್ತಾ ಐತೆ."

ಬ್ಯಾಟರಿ ಹೊಸದು. ತಾರೀಕು 2012 ಅಲ್ಲ, ನೆನ್ನೆ. ಬೇರೆಯೇ ರೋಗ ಇದು. ಇದು ಮೊದಲ ಸಲವಾ ಅಂತ ಕೇಳಿದೆ. ಹುಡುಗ ಚುರುಕು. ಹಿಂದೆಯೂ ಎರಡು ಮೂರು ಸಲ ಹೀಗಾಗಿತ್ತು, ಹಾಗಾದಾಗಲೆಲ್ಲ ಫೈಬರ್ ಕಟ್ ಆಗಿತ್ತು, ತಾನು ಫೋನಿನಿಂದ ಯುಎಸ್‌ಬಿ ಕೇಬಲ್ ಹಾಕಿ ನೆಟ್ ಕೊಟ್ಟಿದ್ದೆ ಅಂದ. ಇವತ್ತೂ ಅಷ್ಟೆ. "ಫೋನಿನ ನೆಟ್ಟು ಟೈಮ್ ತಪ್ಪು ಕೊಡ್ತದೆ ಅಣ್ಣ, ಫೈಬರ್ ನೆಟ್ಟಲ್ಲಿ ಹಿಂಗಾಗಲ್ಲ." ನೋಡಿದ್ದು ಪೂರ್ತಿ ಸರಿ, ತೀರ್ಮಾನ ಮಾತ್ರ ತಲೆಕೆಳಗು. ಆದರೆ ಆ ಕ್ಷಣಕ್ಕೆ ನನಗೂ ಅದು ತಿಳಿದಿರಲಿಲ್ಲ.

ಗಾಡಿ ಓಡಿಸುತ್ತಾ ಲೆಕ್ಕ ಹಾಕಿದೆ. ಬೆಳಿಗ್ಗೆ ಹನ್ನೊಂದೂವರೆಯಿಂದ ಹಿಂದಿನ ರಾತ್ರಿ ಹತ್ತಕ್ಕೆ ಹದಿಮೂರೂವರೆ ಗಂಟೆ. ಆ ಅರ್ಧ ಗಂಟೆಯೇ ಕಳ್ಳನನ್ನು ಹಿಡಿದುಕೊಟ್ಟಿದ್ದು. ಬ್ಯಾಟರಿ ಕೆಟ್ಟು ಗಡಿಯಾರ ತಪ್ಪಿದರೆ ವ್ಯತ್ಯಾಸ ಹದಿನೇಳು ನಿಮಿಷ ಇರುತ್ತದೆ, ಮೂರು ಗಂಟೆ ನಲವತ್ತೊಂದು ನಿಮಿಷ ಇರುತ್ತದೆ, ಹೀಗೆ ಮಟ್ಟಸವಾಗಿ ಇರುವುದಿಲ್ಲ. ಮಟ್ಟಸವಾಗಿದ್ದು ಕೊನೆಯಲ್ಲಿ ಅರ್ಧ ಗಂಟೆಯ ಬಾಲ ಇದ್ದರೆ ನಮ್ಮ ದೇಶದಲ್ಲಿ ಅದು ಟೈಮ್ ಝೋನ್ ಗಲಾಟೆ. ಭಾರತದ ಸಮಯ 82.5 ಡಿಗ್ರಿ ರೇಖಾಂಶದ್ದು, ಗ್ರೀನ್‌ವಿಚ್‌ಗಿಂತ ಐದೂವರೆ ಗಂಟೆ ಮುಂದೆ. ಒಂದೇ ಕಂಪ್ಯೂಟರಿನಲ್ಲಿ ಲಿನಕ್ಸು ವಿಂಡೋಸು ಎರಡೂ ಇದ್ದರೆ ಸರಿಯಾಗಿ 5:30ರ ವ್ಯತ್ಯಾಸ ಬರುವುದುಂಟು, ಬೋರ್ಡಿನ ಗಡಿಯಾರದಲ್ಲಿ ಒಂದು ಗ್ರೀನ್‌ವಿಚ್ ಸಮಯ ಬರೆದರೆ ಇನ್ನೊಂದು ಊರಿನ ಸಮಯ ಅಂತ ಓದುತ್ತದೆ. ಇಲ್ಲಿ 13:30. ಅದರಲ್ಲಿ 5:30 ಕಳೆದರೆ 8. ಗ್ರೀನ್‌ವಿಚ್‌ಗಿಂತ ಎಂಟು ಗಂಟೆ ಹಿಂದೆ ಇರುವುದು, ಚಳಿಗಾಲದಲ್ಲಿ, ಅಮೆರಿಕದ ಪಶ್ಚಿಮ ಕರಾವಳಿ. ಅಮೆರಿಕನ್ ಇಂಗ್ಲಿಷ್ ಆರಿಸಿಕೊಂಡು ವಿಂಡೋಸ್ ಹಾಕುವಾಗ ಯಾವುದನ್ನೂ ಬದಲಿಸದೆ ‘ನೆಕ್ಸ್ಟ್, ನೆಕ್ಸ್ಟ್’ ಒತ್ತುತ್ತಾ ಹೋದರೆ ಕೂರುವ ಝೋನ್ ಅದೇ.

ಹೋಗಿ ನೋಡಿದರೆ ಅದೇ. ಆರು ತಿಂಗಳ ಹಿಂದೆ ಯಾರೋ ವಿಂಡೋಸ್ ಹೊಸದಾಗಿ ಹಾಕಿದ್ದರು, ಝೋನ್ ಪೆಸಿಫಿಕ್‌ನಲ್ಲೇ ಬಿಟ್ಟಿದ್ದರು. ಮಂಡ್ಯದ ವೇಬ್ರಿಡ್ಜು ಅಷ್ಟು ದಿನ ಕ್ಯಾಲಿಫೋರ್ನಿಯಾದಲ್ಲಿ ಕೂತು ಕಬ್ಬು ತೂಗುತ್ತಿತ್ತು.

ಹುಡುಗ ಮೊಬೈಲ್ ನೋಡಿ ಬೆಳಿಗ್ಗೆ 11:30 ಅಂತ ಹಾಕುತ್ತಾನೆ. ಕಂಪ್ಯೂಟರ್ ಅದನ್ನು ಕ್ಯಾಲಿಫೋರ್ನಿಯಾದ 11:30 ಅಂದುಕೊಳ್ಳುತ್ತದೆ, ಅಂದರೆ ಗ್ರೀನ್‌ವಿಚ್‌ನಲ್ಲಿ ಸಂಜೆ 7:30. ನಿಜವಾಗಿ ಅಲ್ಲಿ ಬೆಳಿಗ್ಗೆ 6:00. ಹೊರಗೆ ಕಾಣುವ ಮುಖ ಸರಿ, ಒಳಗಿನ ಲೆಕ್ಕ 48,600 ಸೆಕೆಂಡ್ ಮುಂದೆ. ಲಗಾಮು ಇರುವುದು 54,000ಕ್ಕೆ. ಆದ್ದರಿಂದ ಒಂದು ಒಳ್ಳೆಯ ಸರ್ವರ್ ಸಿಕ್ಕ ಕೂಡಲೇ ವಿಂಡೋಸ್ ಇದನ್ನು ‘ತಿದ್ದುತ್ತದೆ’, ಗಡಿಯಾರ ನೆನ್ನೆ ರಾತ್ರಿಗೆ ಹೋಗುತ್ತದೆ. ಹುಡುಗ ಮತ್ತೆ ಕೈಯಲ್ಲಿ ಸರಿ ಮಾಡುತ್ತಾನೆ, ಮತ್ತೆ ಒಳಗೆ ತಪ್ಪಾಗುತ್ತದೆ. ಬ್ಯಾಟರಿ ಸತ್ತಿದ್ದಾಗ ಅವನು ದಿನಾ ಪಟ್ಟ ಶ್ರಮವೇ ಈ ಎರಡನೇ ರೋಗವನ್ನು ಮುಚ್ಚಿಟ್ಟಿತ್ತು.

ಝೋನ್ ಬದಲಿಸುವುದಕ್ಕೆ ಒಂದು ಸಾಲು ಸಾಕು: ‘ಟಿಝಡ್‌ಯುಟಿಲ್ /ಎಸ್’ ಕೊಟ್ಟು ಮುಂದೆ ಉದ್ಧರಣ ಚಿಹ್ನೆಯೊಳಗೆ ‘ಇಂಡಿಯಾ ಸ್ಟ್ಯಾಂಡರ್ಡ್ ಟೈಮ್’. (ಕಮಾಂಡ್‌ಗಳನ್ನು ಬಾಯಲ್ಲಿ ಹೇಳುವ ಹಾಗೆ ಬರೆಯುತ್ತಿದ್ದೇನೆ, ಹೊಡೆಯುವಾಗ ಇಂಗ್ಲಿಷ್ ಅಕ್ಷರದಲ್ಲೇ ಹೊಡೆಯಬೇಕು.) ಫೋನಿನ ನೆಟ್ ಇನ್ನೂ ಹಾಕಿಯೇ ಇತ್ತು, ಗಡಿಯಾರ ಸರಿಯಾಯಿತು. ಅಷ್ಟರಲ್ಲಿ ಫೈಬರ್ ಬಂತು. ಪರೀಕ್ಷೆಗೆ ಅಂತ ಫೋನ್ ಕಿತ್ತು, ಫೈಬರ್ ಮೇಲೆ, ನೆಟ್‌ನಿಂದ ಈಗಲೇ ಸಮಯ ತಂದುಕೋ ಅನ್ನುವ ‘ಡಬ್ಲ್ಯೂ32ಟಿಎಂ /ರೀಸಿಂಕ್’ ಹೊಡೆದೆ. ಸಮಯದ ಮಾಹಿತಿ ಸಿಗದ ಕಾರಣ ಸಿಂಕ್ ಆಗಲಿಲ್ಲ ಅಂದಿತು. ‘/ಕ್ವೆರಿ /ಸೋರ್ಸ್’ ಕೇಳಿದರೆ ‘ಲೋಕಲ್ ಸಿಮಾಸ್ ಕ್ಲಾಕ್’, ಅಂದರೆ ಯಾರನ್ನೂ ಕೇಳುತ್ತಿಲ್ಲ, ಬೋರ್ಡಿನ ಗಡಿಯಾರವನ್ನೇ ನಂಬಿಕೊಂಡಿದ್ದೇನೆ ಅಂತ.

ಹುಡುಗನ ಮಾತು ಆಗ ತಿರುವು ಹಾಕಿ ಅರ್ಥವಾಯಿತು. ಫೋನಿನ ನೆಟ್ ತಪ್ಪು ಸಮಯ ಕೊಡುತ್ತಿರಲಿಲ್ಲ. ಫೈಬರ್ ನೆಟ್ ಸಮಯವನ್ನೇ ಕೊಡುತ್ತಿರಲಿಲ್ಲ.

ಇಲ್ಲಿಂದ ಎರಡು ಗಂಟೆ ನಾನು ಹಾಳು ಮಾಡಿದೆ, ಅದನ್ನೂ ಬರೆಯಬೇಕು. ಕಂಪ್ಯೂಟರುಗಳು ನೆಟ್‌ನಲ್ಲಿ ಸಮಯ ಕೇಳಿ ಹೇಳುವ ಪದ್ಧತಿಗೆ ಎನ್‌ಟಿಪಿ ಅನ್ನುತ್ತಾರೆ, ಅದು ಓಡಾಡುವುದು ಯುಡಿಪಿ 123ನೇ ಪೋರ್ಟಿನಲ್ಲಿ. ಪೋರ್ಟ್ ಅಂದರೆ ನೆಟ್‌ನ ಮಾಹಿತಿ ಹೋಗಿ ಬರುವ, ನಂಬರ್ ಹಾಕಿದ ಬಾಗಿಲು. ಪೋರ್ಟ್ ಮುಚ್ಚಿದೆಯಾ ನೋಡೋಣ ಅಂತ ‘ಡಬ್ಲ್ಯೂ32ಟಿಎಂ /ಸ್ಟ್ರಿಪ್‌ಚಾರ್ಟ್’ ಹಾಕಿದೆ. ಅದು ಸರ್ವರನ್ನು ಕೇಳಿ, ನಮ್ಮ ಗಡಿಯಾರ ಎಷ್ಟು ತಪ್ಪಿದೆ ಅಂತ ಸಾಲು ಸಾಲಾಗಿ ತೋರಿಸುತ್ತದೆ. ದಾರಿ ಮುಚ್ಚಿದ್ದರೆ 0ಎಕ್ಸ್800705ಬಿ4 ಅನ್ನುವ ಟೈಮ್‌ಔಟ್ ಬರಬೇಕು. ಬರಲಿಲ್ಲ! ಐದಕ್ಕೆ ಐದು ಉತ್ತರವೂ ಚೆನ್ನಾಗಿ ಬಂದವು. ಹಾಗಾದರೆ ಪೋರ್ಟ್ ತೆರೆದಿದೆ, ತಪ್ಪು ವಿಂಡೋಸ್‌ನದೇ ಅಂತ ತೀರ್ಮಾನಿಸಿದೆ. ಸರ್ವೀಸ್ ನಿಲ್ಲಿಸಿ ಶುರು ಮಾಡಿದೆ. ಅನ್‌ರಿಜಿಸ್ಟರ್ ಮಾಡಿ ಮತ್ತೆ ರಿಜಿಸ್ಟರ್ ಮಾಡಿದೆ. ಆಂಟಿವೈರಸ್ ಆಫ್, ಫೈರ್‌ವಾಲ್ ಆಫ್. ಸರ್ವರ್ ಹೆಸರು ಮೂರು ಸಲ ಬದಲಿಸಿದೆ. ನಡುವೆ ಎರಡು ಎಳನೀರು ಮುಗಿಯಿತು, ಹನ್ನೊಂದು ಗಾಡಿ ತೂಕ ಆಗಿ ಹೋದವು, ಪ್ರತಿ ಗಾಡಿಗೂ ನಾನು ಕುರ್ಚಿ ಬಿಟ್ಟು ಎದ್ದು ಹುಡುಗನಿಗೆ ಜಾಗ ಕೊಡಬೇಕಿತ್ತು. "ಆಯ್ತಾ?" ಅಂತ ಯಜಮಾನರು ಕಿಟಕಿಯಿಂದ ತಲೆ ಹಾಕಿ ಕೇಳುವುದು, ಇನ್ನೊಂದೈದು ನಿಮಿಷ ಅಂತ ನಾನನ್ನುವುದು.

ಕೊನೆಗೆ ವೈರ್‌ಶಾರ್ಕ್ ಹಾಕಿದೆ. ಮೊದಲೇ ಹಾಕಬೇಕಿತ್ತು. ಕೇಬಲ್ಲಿನಲ್ಲಿ ಏನು ಹೋಗುತ್ತಿದೆ, ಏನು ಬರುತ್ತಿದೆ ಅಂತ ಕಣ್ಣಾರೆ ತೋರಿಸುವ ಪ್ರೋಗ್ರಾಂ ಅದು. ಸ್ಟ್ರಿಪ್‌ಚಾರ್ಟ್ ಹಾಕಿದಾಗ ಪ್ಯಾಕೆಟ್ (ನೆಟ್‌ನಲ್ಲಿ ಹೋಗುವ ಮಾಹಿತಿಯ ಕಟ್ಟು) ನಮ್ಮ ಕಡೆ ಐವತ್ತು ಸಾವಿರ ಚಿಲ್ಲರೆಯ ಯಾವುದೋ ಪೋರ್ಟಿನಿಂದ ಹೊರಟು ಸರ್ವರಿನ 123ಕ್ಕೆ ಹೋಗುತ್ತಿತ್ತು, ಉತ್ತರ ಬರುತ್ತಿತ್ತು. ರೀಸಿಂಕ್ ಹೊಡೆದಾಗ ನಮ್ಮ ಕಡೆಯ ಪೋರ್ಟೂ 123, ಆ ಕಡೆಯ ಪೋರ್ಟೂ 123. ಇದಕ್ಕೆ ಉತ್ತರವೇ ಇಲ್ಲ. ಒಂದೇ ಸರ್ವರ್, ಒಂದೇ ಕೇಬಲ್, ಒಂದೇ ನಿಮಿಷ. ಬೇರೆ ಇದ್ದದ್ದು ಹೊರಡುವ ಬಾಗಿಲು ಮಾತ್ರ. ಪರೀಕ್ಷೆ ಮಾಡುವ ಕಮಾಂಡು ಒಂದು ಬಾಗಿಲಿಂದ ಹೋಗುತ್ತದೆ, ದಿನಾ ಕೆಲಸ ಮಾಡುವ ಸರ್ವೀಸು ಇನ್ನೊಂದು ಬಾಗಿಲಿಂದ.

123ರಿಂದ ಹೊರಡುವ ಪ್ಯಾಕೆಟ್ಟನ್ನು ಯಾರಾದರೂ ಯಾಕೆ ತಡೆಯಬೇಕು? ಇದಕ್ಕೆ ಹಿನ್ನೆಲೆ ಇದೆ. ಹಳೇ ಎನ್‌ಟಿಪಿ ಸರ್ವರುಗಳಲ್ಲಿ ‘ಮಾನ್‌ಲಿಸ್ಟ್’ ಅಂತ ಒಂದು ಪ್ರಶ್ನೆ ಕೇಳಬಹುದಿತ್ತು. ಇತ್ತೀಚೆಗೆ ನಿನ್ನ ಹತ್ತಿರ ಬಂದುಹೋದ 600 ಜನರವರೆಗಿನ ಪಟ್ಟಿ ಕೊಡು ಅಂತ. ಪ್ರಶ್ನೆ ಚಿಕ್ಕದು, ಉತ್ತರ ಮೂಟೆ. ಕಳ್ಳರು ಬೇರೆಯವರ ವಿಳಾಸ ಹಾಕಿ ಈ ಪ್ರಶ್ನೆ ಕೇಳಿ, ಮೂಟೆಗಳೆಲ್ಲ ಆ ಬಡಪಾಯಿಯ ತಲೆ ಮೇಲೆ ಬೀಳುವ ಹಾಗೆ ಮಾಡುತ್ತಿದ್ದರು. 2014ರ ಫೆಬ್ರವರಿಯಲ್ಲಿ ಹೀಗೆ ನಡೆದ ಒಂದು ದಾಳಿ ಸೆಕೆಂಡಿಗೆ ಸುಮಾರು 400 ಗಿಗಾಬಿಟ್ ಮುಟ್ಟಿತ್ತು. ಆ ಮೂಟೆಗಳೆಲ್ಲ ಹೊರಡುತ್ತಿದ್ದದ್ದು 123ನೇ ಪೋರ್ಟಿನಿಂದ. ಹಾಗಾಗಿ ಮನೆ ಕನೆಕ್ಷನ್ನಿನಿಂದ 123ರ ಮುದ್ರೆ ಹೊತ್ತು ಹೊರಡುವ ಪ್ಯಾಕೆಟ್ ಕಂಡರೆ, ಇಲ್ಲಿ ಯಾವುದೋ ಸರ್ವರ್ ಉತ್ತರ ಕೊಡುತ್ತಿದೆ ಅಂದುಕೊಂಡು ಬಿಸಾಡುವ ನಿಯಮ ಕೆಲವು ಕಡೆ ಇವೆ. ನಿಯಮ ಹಾಕಿದವರದು ಪೂರ್ತಿ ತಪ್ಪು ಅನ್ನಲಾರೆ. ಕೇಳುವವರೂ 123ನ್ನೇ ಬಳಸುವುದು ಹಳೇ ಕಾಲದ ರೂಢಿ. ಡೇವಿಡ್ ಮಿಲ್ಸ್ 1985ರಲ್ಲಿ ಎನ್‌ಟಿಪಿಯ ಮೊದಲ ಆರ್‌ಎಫ್‌ಸಿ (ಇಂಟರ್ನೆಟ್ಟಿನ ಪದ್ಧತಿಗಳನ್ನು ಬರೆದಿಡುವ ದಾಖಲೆ) ಬರೆದಾಗ ಇಂಥ ಪುಂಡಾಟ ಯಾರ ತಲೆಯಲ್ಲೂ ಇರಲಿಲ್ಲ. ಕೇಳುವವರು ಯಾವುದಾದರೂ ಬಿಡಿ ಪೋರ್ಟ್ ಬಳಸಲಿ ಅಂತ 2021ರಲ್ಲಿ ಬಂದ ಆರ್‌ಎಫ್‌ಸಿ 9109 ಹೇಳುತ್ತದೆ. ಈ ವಿಂಡೋಸ್ ಸರ್ವೀಸ್ ಇನ್ನೂ ಹಳೇ ಬಾಗಿಲನ್ನೇ ಬಳಸುತ್ತಿತ್ತು.

ಫೈಬರ್ ಕೊಟ್ಟವರಿಗೆ ಫೋನ್ ಮಾಡಿದೆ. "ಸ್ಪೀಡ್ ಬರ್ತಾ ಇಲ್ವಾ ಸಾರ್?" ಅಂದರು. ಬರ್ತಾ ಇದೆ ಅಂದೆ. "ಮತ್ತಿನ್ನೇನು ಪ್ರಾಬ್ಲಮ್?" ಅಂದರು. ತಡೆ ಇದ್ದದ್ದು ಅವರ ಕಡೆಯೋ, ಗೋಡೆ ಮೇಲಿನ ಫೈಬರ್ ಪೆಟ್ಟಿಗೆಯಲ್ಲೋ ಅಂತ ಹುಡುಕಲು ಅದರ ಅಡ್ಮಿನ್ ಪಾಸ್‌ವರ್ಡೂ ಅವರು ಕೊಡಲಿಲ್ಲ. ಬಾಗಿಲು ತೆಗೆಸುವ ಆಸೆ ಅಲ್ಲಿಗೆ ಬಿಟ್ಟೆ.

ಬಿಡಿ ಪೋರ್ಟ್ ಬಳಸುವ ಬೇರೆ ಎನ್‌ಟಿಪಿ ಪ್ರೋಗ್ರಾಂ ಒಂದನ್ನು ವಿಂಡೋಸ್‌ಗೇ ಹಾಕಿಬಿಡಬಹುದಿತ್ತು. ಆದರೆ ಗೋಡೆ ಮೇಲಿನ ಡಿವಿಆರ್ ನೋಡಿದೆ, ಅದು ಏಳು ನಿಮಿಷ ಮುಂದೆ ಓಡುತ್ತಿತ್ತು. ತೂಕದ ತಕರಾರು ಬಂದರೆ ಚೀಟಿಯ ಸಮಯ ಹಿಡಿದು ಕ್ಯಾಮೆರಾದಲ್ಲಿ ಗಾಡಿ ಹುಡುಕುತ್ತಾರೆ; ಏಳು ನಿಮಿಷದಲ್ಲಿ ಎರಡು ಗಾಡಿ ಬಂದು ಹೋಗುತ್ತವೆ. ಎರಡಕ್ಕೂ ಸೇರಿ ಒಂದೇ ಗಡಿಯಾರ ಒಳಗೇ ಇಟ್ಟರೆ ವಾಸಿ ಅನ್ನಿಸಿತು.

ನನ್ನ ಅಂಗಡಿಯಲ್ಲಿ ಥಿನ್ ಕ್ಲೈಂಟ್ ಅನ್ನುವ ಒಂದು ಹಳೇ ಪುಟ್ಟ ಕಂಪ್ಯೂಟರ್ ಬಿದ್ದಿತ್ತು, ಟಿಫನ್ ಬಾಕ್ಸಿನಷ್ಟು ದೊಡ್ಡದು, ಫ್ಯಾನ್ ಇಲ್ಲ. ಅದರ ಸಿಆರ್2032ಅನ್ನೂ ಬದಲಿಸಿದೆ, ಈ ಸಲ ವೋಲ್ಟ್ ನೋಡುವ ಗೋಜಿಗೇ ಹೋಗಲಿಲ್ಲ. ಬಯಾಸ್‌ನಲ್ಲಿ ಕರೆಂಟ್ ಬಂದ ಕೂಡಲೇ ತಾನೇ ಆನ್ ಆಗುವ ಹಾಗೆ ಇಟ್ಟೆ, ಯಜಮಾನರ ಮೇನ್ ಸ್ವಿಚ್ ರೂಢಿ ನನಗಾಗಿ ಬದಲಾಗುವುದಿಲ್ಲವಲ್ಲ. ಡೆಬಿಯನ್ ಅನ್ನುವ ಲಿನಕ್ಸ್ ಹಾಕಿ ಅದರ ಮೇಲೆ ಕ್ರೋನಿ ಅನ್ನುವ ಎನ್‌ಟಿಪಿ ಪ್ರೋಗ್ರಾಂ. ಕ್ರೋನಿ ಹೊರಗೆ ಕೇಳುವಾಗ ಬಿಡಿ ಪೋರ್ಟಿನಿಂದಲೇ ಹೋಗುತ್ತದೆ, ಫೈಬರಿನ ತಡೆಗೆ ಸಿಕ್ಕುವುದಿಲ್ಲ. ವಿಂಡೋಸ್ ತನ್ನ ಹಳೇ 123ರಿಂದಲೇ ಕೇಳಲಿ, ಅದು ಕೋಣೆಯೊಳಗಿನ ಮಾತು.

ಕಾನ್ಫಿಗ್ ಫೈಲಿನಲ್ಲಿ ಮೇಲಿನ ಸರ್ವರುಗಳಾಗಿ ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದ್ದೊಂದು (ಭಾರತದ ಅಧಿಕೃತ ಸಮಯ ಇಟ್ಟುಕೊಂಡಿರುವವರು ಅವರೇ), ಕೇಂದ್ರ ಸರ್ಕಾರದ ಎನ್‌ಐಸಿಯ ‘ಸಮಯ್’ ಸರ್ವರುಗಳೆರಡು, ಜೊತೆಗೆ ಎನ್‌ಟಿಪಿ ಪೂಲ್‌ನ (ಸ್ವಯಂಸೇವಕರು ನಡೆಸುವ ಸರ್ವರುಗಳ ಗುಂಪು) ಭಾರತದ ವಿಳಾಸ. ಒಂದೇ ಸರ್ವರ್ ಇಟ್ಟುಕೊಂಡರೆ ಅದು ಹೇಳಿದ್ದೇ ವೇದ. ಎರಡಾದರೆ ಜಗಳ ಬಂದಾಗ ಯಾರು ಸರಿ ಗೊತ್ತಾಗುವುದಿಲ್ಲ. ಮೂರು ನಾಲ್ಕು ಇದ್ದರೆ ಸುಳ್ಳು ಹೇಳುವವನನ್ನು ಕ್ರೋನಿ ತಾನೇ ಪಕ್ಕಕ್ಕೆ ಕೂರಿಸುತ್ತದೆ. ‘ಮೇಕ್‌ಸ್ಟೆಪ್ 1 3’ ಅನ್ನುವ ಸಾಲು ಇರಬೇಕು: ಶುರುವಿನ ಮೂರು ತಿದ್ದುಪಡಿಗಳಲ್ಲಿ ಒಂದು ಸೆಕೆಂಡಿಗಿಂತ ಹೆಚ್ಚು ತಪ್ಪಿದ್ದರೆ ಒಮ್ಮೆಲೇ ಜಿಗಿ, ಆಮೇಲೆ ನಿಧಾನಕ್ಕೆ ಸರಿದುಕೋ ಅಂತ. ಕೊನೆಗೆ ‘ಅಲೌ’ ಅಂತ ಬರೆದು ಯಾವ ವಿಳಾಸದವರಿಗೆ ಉತ್ತರ ಕೊಡಬಹುದು ಅಂತ ಹೇಳಬೇಕು. ನಾನು ಅಭ್ಯಾಸ ಬಲದಿಂದ 192.168.1.0/24 ಅಂತ ಬರೆದೆ. ಆ ಫೈಬರ್ ಪೆಟ್ಟಿಗೆ ಕೊಡುತ್ತಿದ್ದದ್ದು 192.168.100ರ ವಿಳಾಸ. ಅಪರಿಚಿತರು ಕೇಳಿದರೆ ಕ್ರೋನಿ ಬೈಯುವುದೂ ಇಲ್ಲ, ಸುಮ್ಮನೆ ಕೂರುತ್ತದೆ. ವಿಂಡೋಸ್ ಮತ್ತದೇ ‘ಸಮಯದ ಮಾಹಿತಿ ಸಿಗಲಿಲ್ಲ’. ಫೈಬರಿನವರನ್ನು ಮನಸ್ಸಿನಲ್ಲೇ ಬೈದುಕೊಂಡು ಅರ್ಧ ಗಂಟೆ ಕಳೆದ ಮೇಲೆ ನನ್ನದೇ ಸಾಲು ಕಣ್ಣಿಗೆ ಬಿತ್ತು.

‘ಕ್ರೋನಿಸಿ ಸೋರ್ಸಸ್’ ಹೊಡೆದರೆ ಬರುವ ಪಟ್ಟಿಯಲ್ಲಿ ನಾನು ನೋಡುವುದು ‘ರೀಚ್’ ಅನ್ನುವ ಅಂಕಣವನ್ನು. ಕೊನೆಯ ಎಂಟು ಸಲ ಕೇಳಿದ್ದರಲ್ಲಿ ಯಾವುದಕ್ಕೆ ಉತ್ತರ ಬಂತು ಅನ್ನುವುದನ್ನು ಎಂಟು ಬಿಟ್‌ನಲ್ಲಿ ಇಟ್ಟು ಆಕ್ಟಲ್‌ನಲ್ಲಿ, ಅಂದರೆ ಹತ್ತರ ಬದಲು ಎಂಟರ ಲೆಕ್ಕದ ಅಂಕಿಯಲ್ಲಿ, ತೋರಿಸುತ್ತದೆ. ಮೊದಲ ಉತ್ತರಕ್ಕೆ 1, ಎರಡಾದರೆ 3, ಮೂರಾದರೆ 7, ಆಮೇಲೆ 17, 37, 77, 177, ಎಂಟೂ ಬಂದರೆ 377. ಹುಡುಗ ಪಕ್ಕದಲ್ಲಿ ನಿಂತು "ಇದೇನಣ್ಣ ಮಾರ್ಕ್ಸ್ ಥರ ಏರ್ತಾ ಐತೆ" ಅಂದ. ನೂರಕ್ಕೆ ನೂರು ಎಷ್ಟು ಅಂತ ಕೇಳಿದ, 377 ಅಂದೆ. ನಾಲ್ಕರಲ್ಲಿ ಮೂರು 377ಕ್ಕೆ ಬಂದು ನಿಂತವು.

ಒಂದು ಸಾಲು ಬರೆದು ಆಮೇಲೆ ಅಳಿಸಿದೆ: ‘ಲೋಕಲ್ ಸ್ಟ್ರ್ಯಾಟಮ್ 10’. ಹೊರಗಿನ ಸರ್ವರ್ ಯಾವುದೂ ಸಿಗದಿದ್ದರೂ ನಿನ್ನ ಗಡಿಯಾರವನ್ನೇ ಸರಿ ಅಂತ ಹೇಳು ಅನ್ನುವುದು ಅದರ ಅರ್ಥ. ಎಲ್ಲ ಕಡೆ ಇದನ್ನು ಹಾಕಿ ಅಂತ ಹೇಳುತ್ತಾರೆ. ಇಲ್ಲಿ ದಿನಾ ರಾತ್ರಿ ಕರೆಂಟ್ ಹೋಗುತ್ತದೆ, ಬೆಳಿಗ್ಗೆ ಫೈಬರ್ ಇಲ್ಲದೆ ಥಿನ್ ಕ್ಲೈಂಟ್ ಎದ್ದರೆ ಅದರ ಬಳಿ ಇರುವುದು ಬೋರ್ಡಿನ ಗಡಿಯಾರ ಮಾತ್ರ. ಮುಂದೆ ಅದರ ಬ್ಯಾಟರಿಯೂ ಸತ್ತಾಗ? ಆ ಸಾಲು ಇಲ್ಲದಿದ್ದರೆ ಕ್ರೋನಿ ‘ನನಗೇ ಗೊತ್ತಿಲ್ಲ’ ಅಂತ ಉತ್ತರಿಸುತ್ತದೆ, ವಿಂಡೋಸ್ ಅದನ್ನು ಬಿಟ್ಟು ತನ್ನ ಗಡಿಯಾರದಲ್ಲೇ ನಡೆಯುತ್ತದೆ. ಈ ವೇಬ್ರಿಡ್ಜಿಗೆ ಅದೇ ವಾಸಿ.

ವಿಂಡೋಸ್ ಕಡೆ, ಯಾರನ್ನು ಸಮಯ ಕೇಳಬೇಕು ಅನ್ನುವ ‘ಮ್ಯಾನುಯಲ್‌ಪೀರ್‌ಲಿಸ್ಟ್’ನಲ್ಲಿ ಥಿನ್ ಕ್ಲೈಂಟಿನ ವಿಳಾಸ ಕೊಟ್ಟು ಪಕ್ಕದಲ್ಲಿ ‘,0ಎಕ್ಸ್8’ ಸೇರಿಸಿದೆ. ನಾನು ಕೇಳುವವನು ಮಾತ್ರ, ಸಮಾನ ಸ್ಕಂಧನಲ್ಲ ಅಂತ ಹೇಳುವ ಗುರುತು ಅದು. ಡೊಮೈನ್ ಇಲ್ಲದ ಕಂಪ್ಯೂಟರಿನಲ್ಲಿ ಟೈಮ್ ಸರ್ವೀಸ್ ಯಾವಾಗಲೂ ಓಡುತ್ತಿರುವುದಿಲ್ಲ, ಬೇಕಾದಾಗ ಎದ್ದು ಮಲಗುತ್ತದೆ. ಅದನ್ನು ಆಟೋಮ್ಯಾಟಿಕ್ ಮಾಡಿದೆ. ಸ್ಟ್ರಿಪ್‌ಚಾರ್ಟ್ ಈಗ ಸೆಕೆಂಡಿನ ಸಾವಿರದಲ್ಲಿ ಎರಡು ಮೂರು ಭಾಗದ ವ್ಯತ್ಯಾಸ ತೋರಿಸಿತು. ಕಬ್ಬಿನ ಗಾಡಿಗೆ ಇದು ಅತಿಯಾಯಿತು, ಇರಲಿ. ಡಿವಿಆರ್‌ನ ಮೆನುವಿನಲ್ಲಿ ಎನ್‌ಟಿಪಿ ವಿಳಾಸ ಬದಲಿಸುವುದು ಎರಡು ನಿಮಿಷದ ಕೆಲಸ. ಅದರ ಟೈಮ್ ಝೋನ್ ಮೊದಲು ನೋಡಿದೆ. ಸರಿಯಾಗಿತ್ತು.

ಕೆಲಸ ಮುಗಿಸಿ ಏಳುವಾಗ ಯಜಮಾನರು ಹಳೇ ಚೀಟಿಗಳ ವಿಷಯ ಎತ್ತಿದರು. "ಆ ತಪ್ಪು ತಾರೀಕುಗಳ್ನೆಲ್ಲ ಕಂಪ್ಯೂಟರಲ್ಲಿ ಸರಿ ಮಾಡ್ಬುಡು." ಡೇಟಾಬೇಸ್ ತೆರೆದು ತಿದ್ದುವುದು ಕಷ್ಟವೇನಲ್ಲ. ಆದರೆ ತೂಕದ ದಾಖಲೆಯೊಳಗೆ ಕೈ ಹಾಕಿದ ಮೇಲೆ, ಬರೀ ತಾರೀಕು ಮಾತ್ರ ಮುಟ್ಟಿದ್ದು ಅಂತ ನಾಳೆ ಯಾರು ನಂಬುತ್ತಾರೆ? ಬೇಡ ಅಂದೆ. ಚೀಟಿಗಳಿಗೆ ಕ್ರಮಸಂಖ್ಯೆ ಇತ್ತು, ಅದು ಗಡಿಯಾರವನ್ನು ಕೇಳುವುದಿಲ್ಲ, ಒಂದರ ಹಿಂದೆ ಒಂದು ಏರುತ್ತಾ ಹೋಗುತ್ತದೆ. ಯಾವ ಸಂಖ್ಯೆಯಿಂದ ಯಾವ ಸಂಖ್ಯೆಯವರೆಗೆ ತಾರೀಕು ತಪ್ಪು, ನಿಜವಾದ ದಿನ ಯಾವುದು ಅಂತ ಒಂದು ಪುಸ್ತಕದಲ್ಲಿ ಬರೆದು ಸಹಿ ಹಾಕಿ ಇಡಿ ಅಂದೆ. ಹದಿಮೂರೂವರೆ ಗಂಟೆ ಹಿಂದಕ್ಕೆ ಹೋದ ಚೀಟಿಗಳು ಒಟ್ಟು ಹದಿನಾರು ಸಿಕ್ಕವು. ಹುಡುಗ ಸಂಜೆಯವರೆಗೆ ಕೂತು ಬರೆದ.

ಸಂಕ್ರಾಂತಿ ಆಗಿ ಹತ್ತು ದಿನಕ್ಕೆ ಮತ್ತೆ ಫೈಬರ್ ಕಟ್ ಆಯಿತು, ರಸ್ತೆ ಅಗೆದವರು ಯಾರೋ. ಹುಡುಗ ಎಂದಿನಂತೆ ಫೋನಿನಿಂದ ಕೇಬಲ್ ಹಾಕಿ ನೆಟ್ ಕೊಟ್ಟು, ಹೆದರಿಕೊಂಡೇ ಮೂಲೆಯ ಗಡಿಯಾರ ನೋಡುತ್ತಾ ಕೂತಿದ್ದನಂತೆ. ಸಂಜೆ ಫೋನ್ ಮಾಡಿದ. "ಅಣ್ಣ, ಅಲ್ಲಾಡ್ಲಿಲ್ಲ." ಆಮೇಲೆ ಇನ್ನೊಂದು ಮಾತು ಸೇರಿಸಿದ: ಚೀಟಿಯಲ್ಲಿ ಬೆಳಿಗ್ಗೆ 7:10ಕ್ಕೂ ರಾತ್ರಿ 7:10ಕ್ಕೂ 07:10 ಅಂತಲೇ ಬರುತ್ತದೆ, ಎಎಂ ಪಿಎಂ ಇಲ್ಲ. ವಿಂಡೋಸ್‌ನಲ್ಲಿ 24 ಗಂಟೆ ಹಾಕಿ ನೋಡಿದೆ, ತೂಕದ ಸಾಫ್ಟ್‌ವೇರ್ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ, ತನ್ನದೇ ನಮೂನೆಯಲ್ಲಿ ಹೊಡೆಯುತ್ತದೆ. ಮಾಡಿದವರಿಗೆ ಕಾಗದ ಬರೆದಿದ್ದೇನೆ. ಅಲ್ಲಿಯವರೆಗೆ ಹುಡುಗ ಸಂಜೆಯ ಚೀಟಿಗಳ ಮೇಲೆ ಪೆನ್ನಿನಲ್ಲಿ ‘ರಾ’ ಅಂತ ಬರೆದು ಕೊಡುತ್ತಿದ್ದಾನೆ.